ಏಳು ಸೇತುವೆ, ಒಂದು ಅಸಾಧ್ಯ

ಪ್ರಷ್ಯಾದ ಕೋನಿಗ್ಸ್‌ಬರ್ಗ್ ನಗರವನ್ನು ಪ್ರೆಗೆಲ್ ನದಿ ನಾಲ್ಕು ತುಂಡು ಮಾಡಿತ್ತು: ಉತ್ತರ ದಡ, ದಕ್ಷಿಣ ದಡ, ನಡುವೆ ಕ್ನೈಪ್‌ಹೋಫ್ ಎಂಬ ಪುಟ್ಟ ದ್ವೀಪ, ಅದರ ಪೂರ್ವಕ್ಕೆ ಲೋಮ್ಸೆ ಎಂಬ ಇನ್ನೊಂದು ದ್ವೀಪ. ಇವನ್ನು ಬೆಸೆದಿದ್ದವು ಏಳು ಸೇತುವೆಗಳು. 18ನೇ ಶತಮಾನದಲ್ಲಿ ಅಲ್ಲೊಂದು ಪ್ರಶ್ನೆ ಬಾಯಿಂದ ಬಾಯಿಗೆ ಓಡಾಡುತ್ತಿತ್ತು. ಏಳನ್ನೂ ದಾಟಬೇಕು, ಯಾವುದನ್ನೂ ಎರಡನೇ ಸಲ ತುಳಿಯಬಾರದು. ಹಾಗೆ ನಡೆದುಬರಲು ಸಾಧ್ಯವೇ? ಆಗುವುದಿಲ್ಲ ಎನ್ನುವವರಿದ್ದರು, ಅನುಮಾನಪಡುವವರಿದ್ದರು. ಆಗಿಯೇ ಆಗುತ್ತದೆ ಎಂದವರು ಮಾತ್ರ ಇರಲಿಲ್ಲ.

ಆಟದಂತೆ ಕಾಣುವ ಈ ಪ್ರಶ್ನೆಯಲ್ಲಿ ಜ್ಞಾನಮೀಮಾಂಸೆಯ ಗಂಟೊಂದಿದೆ: ‘ಇಲ್ಲ’ ಎಂಬುದು ಗೊತ್ತಾಗುವುದು ಹೇಗೆ? ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಇದಕ್ಕಾಗಿ ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವನ್ನೇ, ಅಂದರೆ ಅರಿವಿನ ಸಾಧನವನ್ನೇ, ಒಪ್ಪಿದರು. ನೆಲದ ಮೇಲೆ ಮಡಕೆ ಇದ್ದಿದ್ದರೆ ಕಾಣಲೇಬೇಕಿತ್ತು. ಕಾಣಬೇಕಾದದ್ದು ಕಾಣದಿರುವುದೇ ಅದರ ಅಭಾವದ ಅರಿವು. (ಅದಕ್ಕೆ ಬೇರೆ ಪ್ರಮಾಣವೇಕೆ, ಕಣ್ಣೇ ಸಾಕು ಎಂಬುದು ನೈಯಾಯಿಕರ ತಕರಾರು.) ಆದರೆ ಸೇತುವೆಗಳ ಮೇಲಿನ ದಾರಿ ಮಡಕೆಯಂತಲ್ಲ. ನೂರು ಸಲ ನಡೆದು ಸೋತವನಿಗೆ ದಾರಿ ಸಿಗದಿರುವುದು ದಾರಿಯಿಲ್ಲದ್ದರಿಂದಲೋ, ಹುಡುಕಲು ಬಾರದ್ದರಿಂದಲೋ ಎಂಬುದು ತಿಳಿಯುವುದಿಲ್ಲ.

ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1735ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯ ಮುಂದೆ ಉತ್ತರವಿಟ್ಟನು. ಏಳು ಸೇತುವೆಗಳನ್ನು ಸಾಲುಹಚ್ಚುವ ಕ್ರಮಗಳು ಒಟ್ಟು 5040. ಎಲ್ಲವನ್ನೂ ಪರೀಕ್ಷಿಸಿದರೆ ಉತ್ತರವೇನೋ ಸಿಗುತ್ತದೆ, ಕಾರಣ ಸಿಗುವುದಿಲ್ಲ. ಆಯ್ಲರ್ ಹಿಡಿದದ್ದು ಕಾರಣವನ್ನು. ಒಂದು ನೆಲಕ್ಕೆ ಬಂದು ಅಲ್ಲಿಂದ ಹೊರಟರೆ ಎರಡು ಸೇತುವೆ ಖರ್ಚಾಗುತ್ತವೆ. ಆದ್ದರಿಂದ ಹೊರಡುವ ಮತ್ತು ಮುಗಿಸುವ ಜಾಗಗಳನ್ನು ಬಿಟ್ಟು ಉಳಿದೆಡೆ ಸೇತುವೆಗಳ ಸಂಖ್ಯೆ ಸಮವಾಗಿರಲೇಬೇಕು. ಕ್ನೈಪ್‌ಹೋಫ್‌ಗೆ ಐದು ಸೇತುವೆ, ಉಳಿದ ಮೂರು ನೆಲಗಳಿಗೆ ಮೂರು ಮೂರು. ಬೆಸವಾಗಿರಲು ಎರಡಕ್ಕಷ್ಟೇ ಅವಕಾಶ. ಇಲ್ಲಿ ನಾಲ್ಕೂ ಬೆಸ. ಅಲ್ಲಿಗೆ ವಾದ ಮುಗಿಯಿತು. ಈ ಪರಿಹಾರಕ್ಕೆ ಗಣಿತದ ನಂಟು ಅಷ್ಟಕ್ಕಷ್ಟೇ, ಬರೀ ಯುಕ್ತಿ ಸಾಕು ಎಂಬ ಭಾವ ಆಯ್ಲರ್‌ನ ಒಂದು ಪತ್ರದಲ್ಲೇ ಇದೆ.

ಆಗ ಅದೇ ಊರಿನಲ್ಲಿ ಹನ್ನೊಂದು ವರ್ಷದ ಹುಡುಗನಾಗಿದ್ದವನು ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್. ಮುಂದೆ ಅವನ ದಿನಚರಿಯೇ ಒಂದು ದಂತಕಥೆಯಾಯಿತು. ಮಧ್ಯಾಹ್ನ ಒಂದು ಗಂಟೆಗೆ ದಿನದ ಏಕೈಕ ಊಟ, ಪಂಕ್ತಿಯಲ್ಲಿ ಮೂವರಿಗೆ ಕಡಿಮೆಯಿಲ್ಲದೆ ಒಂಬತ್ತು ಮೀರದ ಜನ, ತುಂಬು ಹರಟೆ. ಅದಾದ ಮೇಲೆ ಒಂಟಿಯಾಗಿ ನಡಿಗೆ. ಮಾತಾಡಿದರೆ ಬಾಯಿಂದ ಉಸಿರಾಡಬೇಕಾದೀತು ಎಂದು ಜೊತೆಗಾರರೇ ಬೇಡ. 1781ರ ಅವನ ಮಹಾಗ್ರಂಥದ ಕೇಂದ್ರಪ್ರಶ್ನೆ ಈ ಸೇತುವೆಗಳಿಗೂ ಸಲ್ಲುತ್ತದೆ: ಅನುಭವವನ್ನು ಕಾಯದೆ, ಆದರೂ ಹೊಸದನ್ನು ತಿಳಿಸುವ ಜ್ಞಾನ ಹೇಗೆ ಸಾಧ್ಯ? ಕೂಡಿಕೆಯ ಲೆಕ್ಕವನ್ನೇ ನೋಡಿ: ಏಳು, ಐದು ಎಂಬ ಕಲ್ಪನೆಗಳನ್ನು ಎಷ್ಟು ಬಗೆದರೂ ಹನ್ನೆರಡು ಹೊರಬೀಳದು. ಬೆರಳನ್ನೋ ಚುಕ್ಕೆಯನ್ನೋ ಕಣ್ಣೆದುರು ಇಟ್ಟುಕೊಂಡು ಒಂದೊಂದಾಗಿ ಕೂಡಿಸಬೇಕು ಎಂಬುದು ಕಾಂಟ್‌ನ ವಾದ. ಅಂಕಗಣಿತ ತರ್ಕದಿಂದಲೇ ಹುಟ್ಟುತ್ತದೆಂದು 1884ರಲ್ಲಿ ತರ್ಕಶಾಸ್ತ್ರಜ್ಞ ಫ್ರೇಗ ಇದನ್ನು ಅಲ್ಲಗಳೆದನು. ಸೇತುವೆಗಳ ಮಟ್ಟಿಗೆ ಮೇಲ್ನೋಟಕ್ಕೆ ಫ್ರೇಗನ ಕೈ ಮೇಲು. ಆಯ್ಲರ್ ದೂರ, ಆಕಾರ, ತಿರುವುಗಳನ್ನೆಲ್ಲ ಕೈಬಿಟ್ಟು ಬರೀ ಎಣಿಕೆ ಉಳಿಸಿಕೊಂಡನು. ನಕ್ಷೆ ಒಂದು ಅನುಕೂಲ ಅಷ್ಟೆ. ಆದರೂ ‘ಬಂದು ಹೋಗುವುದು’ ಎಂಬುದರಲ್ಲಿ ಮೊದಲು–ಆಮೇಲೆ ಎಂಬ ಕ್ರಮ ಅಡಗಿದೆ. ಸಂಖ್ಯೆಯನ್ನು ಕಾಲದೊಂದಿಗೆ ಕಟ್ಟಿದ ಕಾಂಟ್‌ನನ್ನು ಅಷ್ಟು ಸುಲಭವಾಗಿ ಹೊರಗಟ್ಟಲಾಗದು.

1944ರ ಆಗಸ್ಟ್‌ನ ಬಾಂಬ್ ದಾಳಿಯಲ್ಲಿ ಎರಡು ಸೇತುವೆಗಳು ನಾಶವಾದವು. ಯುದ್ಧದ ನಂತರ ಊರು ರಷ್ಯಾದ ಕಲಿನಿನ್‌ಗ್ರಾದ್ ಆಯಿತು. ಇನ್ನೆರಡು ಸೇತುವೆಗಳ ಜಾಗದಲ್ಲಿ ಹೆದ್ದಾರಿ ಬಂತು. ಹಳೆಯ ಒಗಟಿನ ಲೆಕ್ಕದಲ್ಲಿ, ಹೆದ್ದಾರಿಯ ಎರಡನ್ನೂ ಸೇರಿಸಿ, ಈಗ ಉಳಿದ ದಾಟುಗಳು ಐದು. ಹಾಗೆಂದು ಆಯ್ಲರ್‌ನ ಸಿದ್ಧಾಂತ ಸುಳ್ಳಾಗಲಿಲ್ಲ. ಅದು ಊರಿನ ಬಗ್ಗೆ ಅಲ್ಲ, ಜೋಡಣೆಯ ಬಗ್ಗೆ. ಎರಡು ದಡಗಳಿಗೆ ಎರಡೆರಡು, ಎರಡು ದ್ವೀಪಗಳಿಗೆ ಮೂರು ಮೂರು ಎಂದಾದ್ದರಿಂದ ಹಿಂದೆ ಆಗದ ನಡಿಗೆ ಈಗ ಆಗುತ್ತದೆ. ಒಂದೇ ಷರತ್ತು: ಒಂದು ದ್ವೀಪದಲ್ಲಿ ಹೊರಟು ಇನ್ನೊಂದರಲ್ಲೇ ಮುಗಿಸಬೇಕು. ದಡದಿಂದ ಹೊರಟವನಿಗೆ ಇಂದಿಗೂ ದಾರಿಯಿಲ್ಲ.