ನೋಡುಗರ ಋಣ

ರಂಗದ ಮೇಲೆ ಹಾಡುವವನಿಗೆ ಕೇಳುವವರು ಏನನ್ನು ಸಲ್ಲಿಸಬೇಕು? ಟಿಕೆಟ್ಟಿನ ಹಣಕ್ಕೆ ಲೆಕ್ಕ ಮುಗಿಯಿತೆಂದು ಪಟ್ಟಣದ ನಾಟ್ಯಗೃಹದಲ್ಲಿ ಹೇಳಬಹುದು. ಜತ್ತ ತಾಲ್ಲೂಕಿನ ನಮ್ಮ ಹಳ್ಳಿಗಳ ಜಾತ್ರೆಯಲ್ಲಿ ಟಿಕೆಟ್ಟೂ ಇಲ್ಲ, ಗೋಡೆಯೂ ಇಲ್ಲ. ಪ್ರಶ್ನೆ ಬಯಲಿನಲ್ಲಿಯೇ ನಿಲ್ಲುತ್ತದೆ.

ಶ್ರೀಕೃಷ್ಣ ಪಾರಿಜಾತದ ಒಂದು ರಾತ್ರಿಯನ್ನು ನೆನೆಯೋಣ. ಹೂವು ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆ ಮುನಿದಿದ್ದಾಳೆ. ಹಾಡು ಏರುತ್ತಿದೆ, ಹಾರ್ಮೋನಿಯಂ ಅದರ ಬೆನ್ನಿಗಿದೆ. ಅಷ್ಟರಲ್ಲಿ ಒಬ್ಬರು ರಂಗವೇರಿ ಭಾಮೆಯ ಸೆರಗಿಗೆ ನೋಟು ಚುಚ್ಚುತ್ತಾರೆ. ಹಾಡು ನಿಲ್ಲುತ್ತದೆ. ಇಂಥ ಊರಿನ ಇಂಥವರಿಂದ ಇಷ್ಟು ರೂಪಾಯಿ ಆಹೇರಿ ಎಂದು ಧ್ವನಿವರ್ಧಕ ಸಾರುತ್ತದೆ. ಅವರ ಬೀಗರು ಸುಮ್ಮನಿರುವರೇ? ಅವರದೂ ಒಂದು ನೋಟು. ಮತ್ತೆ ಪದ ಹಿಡಿಯುವ ಹೊತ್ತಿಗೆ ಭಾಮೆಯ ಮುನಿಸು ತಣ್ಣಗಾಗಿರುತ್ತದೆ.

ಇದನ್ನು ಅರಸಿಕತೆಯೆಂದು ಜರೆಯುವುದು ತಿಂಗಳ ಸಂಬಳದ ನಮ್ಮಂಥವರಿಗೆ ಸುಲಭ. ಕಲಾವಿದನ ಮನೆಯ ಒಲೆ ಆ ನೋಟಿನಿಂದಲೂ ಉರಿಯುತ್ತದೆ. ದೋಷ ಕೊಡುವುದರಲ್ಲಿಲ್ಲ, ಕೊಟ್ಟವನ ಹೆಸರು ಹಾಡಿಗಿಂತ ಮೊದಲು ಕೇಳಿಸಬೇಕೆಂಬ ಆತುರದಲ್ಲಿದೆ. ಸಂಗೀತ ನಾಟಕಗಳ ಕಾಲದ ‘ವನ್ಸ್ ಮೋರ್’ ಕೂಗಿಗೂ ಈ ಮಾತು ಸಲ್ಲುತ್ತದೆ. ಮುಂದಿನ ಸಾಲಿನ ಹತ್ತು ಕಂಠಗಳು ಪದವನ್ನು ಮತ್ತೆ ಹಾಡಿಸಿದಾಗ, ಹಿಂದೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ತಾಯಿಯ ರಾತ್ರಿಯೂ ಖರ್ಚಾಗುತ್ತದೆ. ಆಕೆಯನ್ನು ಯಾರೂ ಕೇಳಿರುವುದಿಲ್ಲ. ಮೆಚ್ಚುಗೆಯೂ ಒಂದು ಅಧಿಕಾರವೇ. (ಮೊಬೈಲನ್ನು ಎತ್ತಿ ಹಿಡಿದವನ ವಿಚಾರ ಬೇರೆ, ಅವನು ತಾನೂ ನೋಡುವುದಿಲ್ಲ, ಹಿಂದಿನವರಿಗೂ ನೋಡಗೊಡುವುದಿಲ್ಲ.)

ಆ ಅಧಿಕಾರ ಎಷ್ಟು ದೂರ ನಡೆದೀತೆಂಬುದಕ್ಕೆ ನಮ್ಮ ಜಿಲ್ಲೆಯ ಸಾಂಗಲಿಯೇ ಸಾಕ್ಷಿ. ಕರ್ನಾಟಕದಿಂದ ಹೋದ ಭಾಗವತ ಮೇಳವೊಂದು ಅಲ್ಲಿಯ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರ ಮುಂದೆ ಆಡಿತು. ಆಟ ಅವರ ಮನಸ್ಸನ್ನು ಹಿಡಿಯಿತು. ಅದರ ಒರಟುತನ ಹಿಡಿಸಲಿಲ್ಲ. ಅಂಥದ್ದೇ ಆಟವನ್ನು ತಿದ್ದಿ ಮರಾಠಿಯಲ್ಲಿ ಆಡಿಸೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂದಿತು. ಮರಾಠಿ ರಂಗಭೂಮಿ ದಿನವೆಂದು ನವೆಂಬರ್ 5ರಂದು ನೆರೆಯವರು ಆಚರಿಸುವುದು ಅದರ ನೆನಪಿಗೇ. ಒಬ್ಬ ನೋಡುಗನ ಮೆಚ್ಚುಗೆಯೂ ಅತೃಪ್ತಿಯೂ ಕೂಡಿ ಒಂದು ಭಾಷೆಗೆ ರಂಗಭೂಮಿಯನ್ನು ಕೊಟ್ಟವು. ಕನ್ನಡದ ಆಟಕ್ಕೆ ಅದರಿಂದ ಬಂದದ್ದೇನು ಎಂದು ಕೇಳುವವರಿದ್ದಾರೆ. ಆ ಲೆಕ್ಕ ನಮಗೆ ಅಷ್ಟು ಮುಖ್ಯವೆನಿಸುವುದಿಲ್ಲ.

ಅರಸನಲ್ಲದ ನೋಡುಗನ ಬಳಿ ಇರುವುದು ಗಮನವೊಂದೇ. ರಸ ಹುಟ್ಟುವುದು ಸಹೃದಯನಲ್ಲಿ ಎಂದ ಅಭಿನವಗುಪ್ತನ ಮಾತನ್ನು ನಂಬುವುದಾದರೆ, ಗಮನ ಕೊಡದವನು ಆಟದ ಅರ್ಧವನ್ನೇ ಕಟ್ಟದೆ ಬಿಟ್ಟಂತಾಯಿತು. ಗಡಿಯಲ್ಲಿ ಆ ಅರ್ಧವನ್ನು ಕಟ್ಟುವುದು ಇನ್ನೂ ಕಷ್ಟ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ನಡೆದು ಬರುವವರಲ್ಲಿ ಕನ್ನಡಿಗರೂ ಮರಾಠಿಗರೂ ಇರುವಂತೆ, ನಮ್ಮ ಹಳ್ಳಿಗಳ ಆಟದ ಕಂಬಳಿಯ ಮೇಲೂ ಎರಡೂ ಭಾಷೆಯವರು ಕೂಡುತ್ತಾರೆ. ಶಾಲೆಯಲ್ಲಿ ಮರಾಠಿ ಕಲಿತ ನಮ್ಮ ಮನೆಯ ಮಕ್ಕಳೂ ಅವರ ನಡುವೆ ಇರುತ್ತಾರೆ. ದೂತಿ ಕೃಷ್ಣನನ್ನು ಕೆಣಕಿದಾಗ ಮೊದಲು ಒಂದು ನಗು ಏಳುತ್ತದೆ. ಬಲ್ಲವರು ಪಕ್ಕದವರ ಕಿವಿಯಲ್ಲಿ ಅರ್ಥ ಹೇಳುತ್ತಾರೆ. ಆಮೇಲೆ ಇನ್ನೊಂದು ನಗು. ಪಳಗಿದ ದೂತಿಗೆ ಇದು ಗೊತ್ತು. ಆ ಎರಡನೆಯ ನಗು ಬರುವವರೆಗೆ ಅವನು ಮುಂದಿನ ಮಾತನ್ನು ತಡೆದು ನಿಲ್ಲುತ್ತಾನೆ, ತಾಳದವನೂ ಕೈ ಎತ್ತಿಕೊಂಡೇ ಕಾಯುತ್ತಾನೆ.