ಎಮ್ಮೆಗೆ ಟಿಕೆಟ್ ಇಲ್ಲ

ರಾಜಸ್ಥಾನದ ಭರತಪುರಕ್ಕೆ ಹೋದಾಗ ಟಿಕೆಟ್ ತಗೊಂಡು, ಕೊರಳಿಗೆ ಬೈನಾಕ್ಯುಲರ್ ಹಾಕ್ಕೊಂಡು ಕೇವಲಾದೇವ್ ಪಕ್ಷಿಧಾಮದೊಳಗೆ ಹೋದೆ. ಸುತ್ತಲಿನ ಹಳ್ಳಿಗಳ ಎಮ್ಮೆಗಳಿಗೆ ಮಾತ್ರ 1982ರಿಂದ ಅಲ್ಲಿ ಮೇಯಲು ಅವಕಾಶವಿಲ್ಲ.

ಮೇಯಿಸೋದರಿಂದ ಹಕ್ಕಿಗಳ ನೆಲೆ ಹಾಳಾಗುತ್ತೆ ಅಂತ ನಿಷೇಧ ಬಂತು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಆಮೇಲೆ ಆಗಿದ್ದೇನು? ಎಮ್ಮೆಗಳು ಮೇದು ಹದದಲ್ಲಿಟ್ಟಿದ್ದ ಹುಲ್ಲು ನೀರನ್ನೆಲ್ಲ ಆವರಿಸಿತು. ಬಾತುಗಳಿಗೆ ಬೇಕಾದ ತೆರೆದ ನೀರೇ ಕಡಿಮೆಯಾಯ್ತು. ಇದನ್ನು ಹೇಳಿದ್ದು ಅಲ್ಲೇ ವರ್ಷಗಟ್ಟಲೆ ಅಧ್ಯಯನ ಮಾಡಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು.

ಅಷ್ಟಕ್ಕೂ ಅದು ಮನುಷ್ಯ ಮುಟ್ಟದ ಜೌಗೇನಲ್ಲ. ರಾಜರು ನೀರು ಹರಿಸಿ, ಬಾತು ಬೇಟೆಗೆಂದು ಬೆಳೆಸಿದ್ದು. 1938ರಲ್ಲಿ ಒಂದೇ ದಿನ 4,000ಕ್ಕೂ ಹೆಚ್ಚು ಹಕ್ಕಿ ಹೊಡೆದರು. ಬೇಟೆಗಳ ಲೆಕ್ಕ ಇವತ್ತಿಗೂ ಅಲ್ಲಿ ಕಲ್ಲಿನ ಮೇಲಿದೆ. ಸತ್ತ ಹಳ್ಳಿಗರ ಹೆಸರು ನನ್ನ ಕಣ್ಣಿಗೆ ಬೀಳಲಿಲ್ಲ.

ಒಂದು ವೇಳೆ ಎಮ್ಮೆಗಳಿಂದ ನಿಜಕ್ಕೂ ಹಾನಿಯಾಗ್ತಿದ್ದರೆ? ಆಗ ಗುಂಡು ಹಾರಿಸಿದ್ದು ಸರಿಯಾಗ್ತಿತ್ತಾ? ನನಗಂತೂ ಹಾಗನ್ನಿಸಲ್ಲ. ವಿಜ್ಞಾನ ತಪ್ಪಿದರೆ ತಿದ್ದಿಕೊಳ್ಳುತ್ತೆ. ಸತ್ತವರು ಎದ್ದು ಬರಲ್ಲ. ಹಾಗಾಗಿ ಪ್ರಕೃತಿ ಉಳಿಸೋಕೆ ಹೊರಡೋ ಮುಂಚೆ ಒಂದು ಪ್ರಶ್ನೆ ಕೇಳ್ಕೋಬೇಕು: ನಮ್ಮ ಲೆಕ್ಕ ತಪ್ಪಾದರೆ ಬೆಲೆ ಕೊಡೋದು ಯಾರು? ಅವತ್ತು ಕೊಟ್ಟವರು ಬೈನಾಕ್ಯುಲರ್ ಹಾಕ್ಕೊಂಡವರಲ್ಲ.