ಚಹಾ ಕೊಟ್ಟ ಮನೆ

ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ರೈಲು ಹಳಿಯ ಬದಿಗೆ ಒಂದು ಗಲ್ಲಿ. ಮಕ್ಕಳ ಶಾಲೆ ಫೀಸಿಗೆ ನೆರವು ಕೇಳಿ ನಮ್ಮ ಬಳಗಕ್ಕೆ ಅರ್ಜಿ ಹಾಕಿದವರ ಮನೆ ನೋಡಿಬರುವ ಕೆಲಸ ಆ ಭಾನುವಾರ ನನ್ನ ಪಾಲಿಗೆ ಬಂದಿತ್ತು. ಮೊದಲ ಮನೆಯಾಕೆ ನನ್ನ ತೆಲುಗು ತಡವರಿಸುವುದು ಕೇಳಿಯೇ ಗುರುತು ಹಿಡಿದರು. “ಕನ್ನಡದವ್ರೇನ್ರಿ ಅಣ್ಣಾ? ಬರ್ರಿ, ಒಳಗ ಬರ್ರಿ.” ಭಾಲ್ಕಿ ಕಡೆಯವರು. ಗಂಡನಿಗೆ ಸೆಂಟ್ರಿಂಗ್ ಕೆಲಸ. ಚಹಾ ಬಂತು, ಅದರ ಬೆನ್ನಿಗೆ ಊರ ಸುದ್ದಿ ಬಂತು. ಮುಕ್ಕಾಲು ಗಂಟೆ ಕೂತೆ.

ಎರಡು ಬಾಗಿಲು ದಾಟಿದರೆ ಇನ್ನೊಂದು ಅರ್ಜಿ. 2019ರಲ್ಲೇ 31 ಲಕ್ಷ ಮತದಾರರಿದ್ದ ಲೋಕಸಭಾ ಕ್ಷೇತ್ರ ಇದು, ಬಾಗಿಲಿಗೊಂದು ಭಾಷೆ. “ಕ್ಯಾ ಹೋನಾ?” ಎಂದರು ಆ ಮನೆಯಾಕೆ, ಬಾಗಿಲನ್ನು ಅರ್ಧ ತೆರೆದು. ‘ಏನು ಬೇಕಿತ್ತು’ ಎಂಬುದಕ್ಕೆ ದಖನಿಯಲ್ಲಿ ಇರುವ ಸಾದಾ ಮಾತು. ನನ್ನ ಕಿವಿಗೆ ಒರಟಾಗಿ ಕೇಳಿಸಿತು. ಹೊಸಿಲಲ್ಲೇ ನಿಂತು, ಕೇಳಿದ್ದಕ್ಕಷ್ಟೇ, ಅದೂ ಪಿಸುದನಿಯಲ್ಲಿ ಉತ್ತರ ಕೊಟ್ಟರು. ಆರು ನಿಮಿಷ.

ರಾತ್ರಿ ವರದಿ ಬರೆದೆ. ಒಂದರಲ್ಲಿ ಹಾಳೆ ತುಂಬ: ಬಾಡಿಗೆ, ಕೈಸಾಲ, ಅತ್ತೆಯ ಮಂಡಿನೋವು, ಹುಡುಗಿಗೆ ಲೆಕ್ಕದಲ್ಲಿ ಬಂದ ಅಂಕ. ಇನ್ನೊಂದರಲ್ಲಿ ಮೂರೇ ಸಾಲು. ಕೊನೆಯದು: ‘ಸಹಕರಿಸಲಿಲ್ಲ. ಮನೆಯಲ್ಲಿ ದೊಡ್ಡ ಟಿ.ವಿ. ಇದೆ.’ ಭಾಲ್ಕಿಯವರ ಮನೆಯಲ್ಲೂ ಟಿ.ವಿ. ಇತ್ತು. ಅದನ್ನು ಬರೆಯಬೇಕೆಂದು ನನಗೆ ಹೊಳೆಯಲೇ ಇಲ್ಲ.

ಹೀಗೆ ಹೊಳೆಯದೇ ಹೋಗುವುದನ್ನೇ ಜೀವಮಾನವಿಡೀ ಅಧ್ಯಯನ ಮಾಡಿದ ಮನೋವಿಜ್ಞಾನಿ ಮಹಜರೀನ್ ಬಾನಾಜಿ ನಮ್ಮ ಪಕ್ಕದ ಸಿಕಂದರಾಬಾದಿನವರು. ಪಾರ್ಸಿ ಮನೆತನ. ನಿಜಾಮ್ ಕಾಲೇಜು, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದವರು. ಅರಿವಿಗೆ ಬಾರದೆಯೇ ಕೆಲಸ ಮಾಡುವ ಒಲವುಗಳ ಬಗ್ಗೆ ಆಂಥನಿ ಗ್ರೀನ್‌ವಾಲ್ಡ್ ಜೊತೆ ಅವರು ಪ್ರಬಂಧ ಬರೆದದ್ದು 1995ರಲ್ಲಿ. ಮೂರು ವರ್ಷಕ್ಕೆ ಒಂದು ಪರೀಕ್ಷೆಯೂ ಬಂತು: ಪರದೆಯ ಮೇಲಿನ ಮುಖ, ಪದಗಳನ್ನು ಬೇಗ ಬೇಗ ವಿಂಗಡಿಸುವಾಗ ಬೆರಳು ಎಲ್ಲಿ ತಡವರಿಸುತ್ತದೆ ಎಂದು ನೋಡುವುದು. ಬಾನಾಜಿಯವರ ಬೆರಳೂ ತಡವರಿಸಿತ್ತು. ಒಬ್ಬ ಮನುಷ್ಯನ ನಡತೆಯನ್ನು ಇಷ್ಟರಿಂದಲೇ ಅಳೆಯಬಹುದೇ ಎಂಬ ತಕರಾರಿದೆ, ನನಗೂ ಅದು ಸರಿ ಎನಿಸುತ್ತದೆ. ಆದರೆ ಇಬ್ಬರೂ ಸೇರಿ ಬರೆದ ‘ಬ್ಲೈಂಡ್‌ಸ್ಪಾಟ್’ (2013) ಪುಸ್ತಕದ ಒಂದು ಪ್ರಸಂಗ ಮರೆಯಲಾಗುತ್ತಿಲ್ಲ. ಗಾಜು ತಾಗಿ ಕೈ ಸೀಳಿಕೊಂಡ ಹೆಣ್ಣುಮಗಳೊಬ್ಬಳು ಆಸ್ಪತ್ರೆಗೆ ಬರುತ್ತಾಳೆ. ಕೌದಿ ಹೊಲಿಯುವವಳು, ಬೆರಳು ಉಳಿಯಬೇಕು ಎಂದರೂ ವೈದ್ಯರದು ಮಾಮೂಲಿ ಹೊಲಿಗೆಯ ತಯಾರಿ. ಆಕೆ ಯೇಲ್ ವಿಶ್ವವಿದ್ಯಾಲಯದ ಪ್ರೊಫೆಸರ್ ಎಂದು ಯಾರೋ ಅಂದದ್ದೇ ತಡ, ಕೈಯ ತಜ್ಞರು ಓಡಿಬಂದರು. ಇಲ್ಲಿ ಯಾರಿಗೂ ಕೇಡು ಬಯಸಿದ್ದಿಲ್ಲ, ನಮ್ಮವರಿಗೆ ಒಂದು ಹಿಡಿ ಹೆಚ್ಚು ಉಪಕಾರ ಅಷ್ಟೆ. ನನ್ನ ತುಂಬಿದ ಹಾಳೆಯೂ ಅಂಥದ್ದೇ. ಅದರ ಮೇಲೆ ಯಾರೂ ದೂರು ಕೊಡುವುದಿಲ್ಲ.

ಇನ್ನು ಮೇಲೆ ಎಲ್ಲರನ್ನೂ ಸಮನಾಗಿ ಕಾಣುತ್ತೇನೆ ಎಂಬ ಸಂಕಲ್ಪವನ್ನು ನಾನು ನಂಬುವುದಿಲ್ಲ. ಅದು ನಾಳೆಯಿಂದ ವಾಕಿಂಗ್ ಹೋಗುತ್ತೇನೆ ಎನ್ನುವ ಜಾತಿಯದು. ನಾವು ಹಿಡಿದದ್ದು ಬರೀ ಗುಮಾಸ್ತಿಕೆಯ ದಾರಿ. ಎಲ್ಲ ಮನೆಗೂ ಅವೇ ಹತ್ತು ಪ್ರಶ್ನೆ. ಹೆಸರು, ಮನೆಮಾತು ಮುಚ್ಚಿದ ವರದಿಯನ್ನು ಬೇರೊಬ್ಬರು ಓದಿ ತೀರ್ಮಾನಿಸುತ್ತಾರೆ. ‘ಸಹಕರಿಸಲಿಲ್ಲ’ ಎಂದು ಬರೆಯುವಂತಿಲ್ಲ, ಕಣ್ಣಿಗೆ ಬಿದ್ದದ್ದನ್ನು ಬರೆಯಬೇಕು.

ಆ ಮೂರನೆಯ ಸಾಲನ್ನು ಹಾಗೆ ತಿದ್ದಲು ಕೂತಾಗ ನನ್ನ ಬಳಿ ಇದ್ದದ್ದು ಅರ್ಧ ಬಾಗಿಲು ಮತ್ತು ಒಂದು ಪಿಸುದನಿ. ಮುಂದಿನ ಭಾನುವಾರ ಮತ್ತೆ ಹೋದೆ. “ಆಸ್ತೆ,” ಎಂದು ಆಕೆ ತುಟಿಗೆ ಬೆರಳಿಟ್ಟರು. ಗಂಡ ರಾತ್ರಿ ಪಾಳಿಯ ವಾಚ್‌ಮನ್. ಇರುವುದು ಒಂದೇ ಕೋಣೆ, ಹಗಲಿಡೀ ಅವರ ನಿದ್ದೆ ಅಲ್ಲೇ. ಈ ಸಲವೂ ಒಳಗೆ ಕರೆಯಲಿಲ್ಲ. ಬಾಗಿಲು ಎಳೆದುಕೊಂಡು ಹೊರಬಂದು ಮೆಟ್ಟಿಲ ಒಂದು ತುದಿಗೆ ಕೂತು, ಇನ್ನೊಂದು ತುದಿಯನ್ನು ಸೆರಗಿನಿಂದ ಒರೆಸಿ ನನಗೆ ತೋರಿಸಿದರು. ಆಗಲೇ ಒಂದು ಗೂಡ್ಸ್ ಗಾಡಿ ಬಂತು. ಅದರ ಕೊನೆಯ ಡಬ್ಬಿ ದಾಟುವ ತನಕ ಮೊದಲ ಪ್ರಶ್ನೆ ಕೇಳಲಾಗಲಿಲ್ಲ.